‘ಸಿಂಗಿನ್ ಇನ್ ದ ರೇನ್’ ರಂಗಪ್ರಯೋಗ: ಪರದೆ ಎಳೆಯುವ ದೃಶ್ಯದಲ್ಲಿ ಲೀನಾಗೆ ಅನ್ಯಾಯ ಆಗುತ್ತಾ?

ನೇಪಥ್ಯ (ಮೈಸೂರು)

ಹಾಲಿವುಡ್ ಮೂಕಿಯಿಂದ (ಮಾತಿಲ್ಲದ ಚಿತ್ರ) ಟಾಕಿಗೆ (ಮಾತಿನ ಚಿತ್ರ) ಬಂದ ಕಾಲದ ಕಥೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ‘ಸಿಂಗಿನ್ ಇನ್ ದ ರೇನ್’. 1952ರ ಎಂಜಿಎಂ ಸಿನಿಮಾ. ಅದರ ಬಗ್ಗೆ ಬೇಕಾದಷ್ಟು ಮಾತಾಗಿದೆ. ನಾನು ಕೇಳುತ್ತಿರುವುದು ಅದರ ರಂಗರೂಪದ ಬಗ್ಗೆ. 1983ರಲ್ಲಿ ಲಂಡನ್ನಿನ ಪಲ್ಲಾಡಿಯಂನಲ್ಲಿ ಟಾಮಿ ಸ್ಟೀಲ್ ಅದನ್ನು ರಂಗಕ್ಕೆ ತಂದರು. ನಿರ್ದೇಶನವೂ ಅವರದೇ, ನಾಯಕನ ಪಾತ್ರವೂ ಅವರದೇ. ಅಲ್ಲಿಂದ ಈಚೆಗೆ ಅದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ರಂಗದ ಮೇಲೆ ಬರುತ್ತಲೇ ಇದೆ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಇಸವಿ 1927. ಡಾನ್ ಲಾಕ್‌ವುಡ್, ಲೀನಾ ಲಮಾಂಟ್ ಮೂಕಿ ಚಿತ್ರಗಳ ಜನಪ್ರಿಯ ಜೋಡಿ. ಟಾಕಿ ಬರುತ್ತದೆ. ಲೀನಾ ಬಾಯಿ ತೆರೆದರೆ ಕೀರಲು ಧ್ವನಿ. ಕ್ಯಾಥಿ ಸೆಲ್ಡನ್ ಎಂಬ ಹೊಸ ಹುಡುಗಿಯಿಂದ ಗುಟ್ಟಾಗಿ ಮಾತು, ಹಾಡು ಎರಡನ್ನೂ ಹೇಳಿಸಿ ಸಿನಿಮಾ ಉಳಿಸಿಕೊಳ್ಳುತ್ತಾರೆ. ಕೊನೆಗೆ ಪ್ರೇಕ್ಷಕರ ಮುಂದೆ ಲೀನಾ ತುಟಿ ಆಡಿಸುತ್ತಿರುವಾಗ ಹಿಂದಿನ ಪರದೆ ಎಳೆದು ಕ್ಯಾಥಿಯನ್ನು ತೋರಿಸುತ್ತಾರೆ.

ಈ ಕಥೆ ಸಿನಿಮಾಗಿಂತ ರಂಗಕ್ಕೇ ಜಾಸ್ತಿ ಒಪ್ಪುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಿನಿಮಾದಲ್ಲಿ ಯಾರ ಬಾಯಿಗೆ ಯಾರ ದನಿಯನ್ನು ಬೇಕಾದರೂ ಅಂಟಿಸಬಹುದು. ರಂಗದಲ್ಲಿ ಹಾಗಲ್ಲ. ಪರದೆ ಹಿಂದೆ ನಿಂತವಳು ಆ ಹೊತ್ತಿಗೆ, ಅಲ್ಲೇ, ನಿಜವಾಗಿ ಹಾಡುತ್ತಾಳೆ. ನಾವು ಕಣ್ಣಾರೆ ನೋಡುತ್ತೇವೆ.

ಆದರೆ ಅದೇ ಕಾರಣಕ್ಕೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಸಾವಿರಾರು ಜನ ಕೂತ ಸಭಾಂಗಣದಲ್ಲಿ ಒಬ್ಬ ನಟಿಯ ಮುಖ ಕಪ್ಪಿಡುವುದನ್ನು ನೋಡಿ ಎಲ್ಲರೂ ನಗುತ್ತಾರೆ. ಆ ನಗುವಿನಲ್ಲಿ ಸೇರಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಲೀನಾಳ ತಪ್ಪೇನು? ಅವಳ ಧ್ವನಿ ಹಾಗಿದೆ ಅಷ್ಟೇ. ಕೆಲಸದ ನಿಯಮ ಬದಲಾಯಿತು, ಅವಳು ಬೀದಿಗೆ ಬಿದ್ದಳು. ನಿಮಗೆ ಏನನಿಸುತ್ತದೆ?

ಧ್ವನಿಪೆಟ್ಟಿಗೆ (ಬೆಂಗಳೂರು)

ನ್ಯಾಯದ ಮಾತು ಆಮೇಲೆ. ನಾನು ರೆಕಾರ್ಡಿಂಗ್ ಕೆಲಸದವನು, ಈ ನಾಟಕದಲ್ಲಿ ನನಗೆ ಪ್ರಾಣ ಆ ಪ್ರಿವ್ಯೂ ದೃಶ್ಯ, ಅಂದರೆ ಅವರ ಟಾಕಿಯನ್ನು ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ನೋಡುವ ದೃಶ್ಯ. ಧ್ವನಿ ಜಾರಿ ಹೋಗಿ ವಿಲನ್ ಬಾಯಿಗೆ ಲೀನಾಳ ದನಿ, ಲೀನಾ ಬಾಯಿಗೆ ಅವನ ದಪ್ಪ ದನಿ ಬರುತ್ತದಲ್ಲ, ಅದು. ಜನ ಅದನ್ನು ಬರೀ ತಮಾಷೆ ಅಂದುಕೊಳ್ಳುತ್ತಾರೆ. ಆಗ ಇಂಥ ಆಭಾಸ ಥಿಯೇಟರುಗಳಲ್ಲಿ ನಿಜವಾಗಿಯೂ ಆಗುತ್ತಿತ್ತು.

ವಾರ್ನರ್ ಬ್ರದರ್ಸ್ ಸ್ಟುಡಿಯೋ ಬಳಸಿದ ವೈಟಾಫೋನ್ ಎಂಬ ಧ್ವನಿ ವ್ಯವಸ್ಥೆಯಲ್ಲಿ ಧ್ವನಿ ಫಿಲ್ಮಿನ ಮೇಲೆ ಇರಲೇ ಇಲ್ಲ. ಬೇರೆ ಡಿಸ್ಕ್‌ನಲ್ಲಿ ಇರುತ್ತಿತ್ತು. 16 ಇಂಚಿನ ಡಿಸ್ಕ್, ನಿಮಿಷಕ್ಕೆ 33⅓ ಸುತ್ತು, ಒಂದು ರೀಲಿಗೆ ಒಂದು, ಸುಮಾರು 11 ನಿಮಿಷ. ಮುಳ್ಳು ಒಳಗಿನಿಂದ ಹೊರಕ್ಕೆ ಸಾಗುತ್ತಿತ್ತು. ಪ್ರೊಜೆಕ್ಟರ್ ಆಪರೇಟರ್ ಫಿಲ್ಮಿನ ಶುರುವಿನ ಗುರುತನ್ನೂ ಡಿಸ್ಕ್ ಮೇಲಿನ ಬಾಣದ ಗುರುತನ್ನೂ ಸರಿಯಾಗಿ ಹೊಂದಿಸಿ ಓಡಿಸಬೇಕು. ಮುಳ್ಳು ಒಂದು ಗೆರೆ ಹಾರಿದರೂ ಮುಗಿಯಿತು, ರೀಲು ಮುಗಿಯುವವರೆಗೆ ತುಟಿಗೂ ಮಾತಿಗೂ ಸಂಬಂಧ ಇಲ್ಲ. ಫಿಲ್ಮ್ ತುಂಡಾದರೆ ಹಾಳಾದ ಫ್ರೇಮುಗಳನ್ನು ಕತ್ತರಿಸಿ ಸುಮ್ನೆ ಅಂಟಿಸುವ ಹಾಗಿಲ್ಲ. ಎಷ್ಟು ಫ್ರೇಮ್ ಹೋಯಿತೋ ಅಷ್ಟೇ ಕಪ್ಪು ಫ್ರೇಮ್ ಸೇರಿಸಬೇಕು. ಡಿಸ್ಕ್ ಬೇಗ ಸವೆಯುತ್ತಿತ್ತು. ಎಷ್ಟು ಸಲ ಓಡಿಸಿದರು ಅಂತ ಗುರುತು ಹಾಕಲು ಲೇಬಲ್ ಮೇಲೆ ಚೌಕಗಳು ಇರುತ್ತಿದ್ದವು. ಚೌಕ ತುಂಬಿದರೆ ಹೊಸ ಡಿಸ್ಕ್.

1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ‘ದ ಜಾಝ್ ಸಿಂಗರ್’ ಹೀಗೇ ಓಡಿದ್ದು. ಅದೂ ಪೂರ್ತಿ ಟಾಕಿ ಅಲ್ಲ. ಹಾಡುಗಳು, ಅಲ್ಲಲ್ಲಿ ಒಂದಿಷ್ಟು ಮಾತು, ಉಳಿದಿದ್ದಕ್ಕೆ ಬರಹದ ಫಲಕಗಳೇ. ಮೊದಲಿನಿಂದ ಕೊನೆಯವರೆಗೆ ಮಾತಾಡುವ ಕಥಾಚಿತ್ರ ಬಂದಿದ್ದು 1928ರಲ್ಲಿ, ‘ಲೈಟ್ಸ್ ಆಫ್ ನ್ಯೂಯಾರ್ಕ್’. ಫಾಕ್ಸ್‌ನವರ ಮೂವಿಟೋನ್‌ನಲ್ಲಿ ಧ್ವನಿ ಫಿಲ್ಮಿನ ಅಂಚಿನಲ್ಲೇ ಅಚ್ಚಾಗುತ್ತಿತ್ತು. ಕೊನೆಗೆ ಉಳಿದಿದ್ದು ಆ ದಾರಿಯೇ.

ಸೆಟ್‌ನಲ್ಲಿ ಇನ್ನೂ ಕಷ್ಟ. ಕ್ಯಾಮೆರಾ ಸದ್ದು ಮೈಕಿಗೆ ಬೀಳುತ್ತದೆ ಅಂತ ಕ್ಯಾಮೆರಾವನ್ನೂ ಕ್ಯಾಮೆರಾಮನ್‌ನನ್ನೂ ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಒಳಗೆ ಬೆವರು ಸುರಿಯುತ್ತಿತ್ತು. ಕ್ಯಾಮೆರಾ ಓಡಾಡುವುದು ನಿಂತಿತು. ಆರ್ಕ್ ದೀಪಗಳು ಗುಂಯ್‌ಗುಡುತ್ತವೆ ಅಂತ ಅವನ್ನು ತೆಗೆದು ಬಲ್ಬ್ ದೀಪಗಳನ್ನು ತಂದರು. ಮೈಕನ್ನು ಹೂದಾನಿಯಲ್ಲಿ ಬಚ್ಚಿಟ್ಟರು. ನಾಟಕದಲ್ಲಿ ಲೀನಾ ಪೊದೆಯೊಳಗಿನ ಮೈಕ್ ಬಿಟ್ಟು ಬೇರೆಲ್ಲೋ ತಿರುಗಿ ಮಾತಾಡುವುದು, ಆಮೇಲೆ ಉಡುಪಿಗೆ ಮೈಕ್ ಸಿಕ್ಕಿಸಿದಾಗ ಅವಳ ಎದೆಬಡಿತ ಕೇಳುವುದು, ಇವೆಲ್ಲ ಆ ಕಾಲದವರ ನಿಜವಾದ ಪಾಡು. ರಂಗದಲ್ಲಿ ಆ ‘ಕೆಟ್ಟ’ ಧ್ವನಿಯನ್ನು ಕರಾರುವಾಕ್ಕಾಗಿ ಕೊಡಬೇಕಾದವನು ಸೌಂಡ್ ಆಪರೇಟರ್. ಅರ್ಧ ಸೆಕೆಂಡ್ ಆಚೀಚೆ ಆದರೆ ನಗು ಬರುವುದಿಲ್ಲ. ಆ ದೃಶ್ಯ ಮುಗಿದಾಗ ಚಪ್ಪಾಳೆ ಅವನಿಗೂ ಸಲ್ಲಬೇಕು.

ಗಿರಿಜಾ_ಕಲ್ಯಾಣ

ರಂಗದ ಮೇಲೆ ಮಳೆ ಹೇಗೆ? ನಿಜವಾದ ನೀರಾ?

ಕ್ರಾಯ್ಡನ್ ಕನ್ನಡತಿ

ಹೌದು ಗಿರಿಜಾ ಅವರೇ, ನಿಜವಾದ ನೀರೇ. 2011ರಲ್ಲಿ ಚಿಚೆಸ್ಟರ್‌ನಲ್ಲಿ ಜೊನಾಥನ್ ಚರ್ಚ್ ನಿರ್ದೇಶಿಸಿದ ಪ್ರಯೋಗ ಮರುವರ್ಷ ಲಂಡನ್ನಿನ ಪ್ಯಾಲೇಸ್ ಥಿಯೇಟರಿಗೆ ಬಂತು. ಅಲ್ಲಿ ನೋಡಿದೆ. 2021ರಲ್ಲಿ ಲಂಡನ್ನಿನದೇ ಸ್ಯಾಡ್ಲರ್ಸ್ ವೆಲ್ಸ್ ಥಿಯೇಟರಿಗೆ ವಾಪಸ್ ಬಂದಾಗ ಮತ್ತೆ ನೋಡಿದೆ. ಎರಡರಲ್ಲೂ ಡಾನ್ ಪಾತ್ರ ಆಡಮ್ ಕೂಪರ್ ಅವರದು. ರಾಯಲ್ ಬ್ಯಾಲೆಯಿಂದ ಬಂದ ನರ್ತಕ.

ಒಂದೊಂದು ಪ್ರದರ್ಶನಕ್ಕೂ 10,000 ಲೀಟರ್‌ಗೂ ಮೀರಿ ನೀರು ಸುರಿಯುತ್ತದೆ. ಮೇಲಿನಿಂದ ಸಾಲಾಗಿ ಧಾರೆ ಬೀಳುತ್ತದೆ, ಹಿಂದಿನಿಂದ ಬೆಳಕು ಬಿದ್ದಾಗ ಒಂದೊಂದು ಎಳೆಯೂ ಕಾಣುತ್ತದೆ. ನೆಲದಲ್ಲಿ ನೀರು ನಿಲ್ಲುತ್ತದೆ. ಕೂಪರ್ ಕುಣಿಯುತ್ತಾ ಕಾಲಿನಿಂದ ನೀರನ್ನು ಬೇಕೆಂದೇ ಮುಂದಿನ ಸಾಲಿನವರ ಮೇಲೆ ಚಿಮ್ಮಿಸುತ್ತಾರೆ. ದೊಡ್ಡವರೆಲ್ಲ ಮಕ್ಕಳ ಹಾಗೆ ಕಿರುಚುತ್ತಾರೆ.

ಈ ಹಾಡನ್ನು ಮೊದಲರ್ಧದ ಕೊನೆಗೆ ಇಟ್ಟಿರುವುದು ಜಾಣತನ. ಇಂಟರ್ವಲ್‌ನಲ್ಲಿ ನೆಲ ಒರೆಸಬೇಕಲ್ಲ. ಒದ್ದೆ ನೆಲದ ಮೇಲೆ ಟ್ಯಾಪ್ ಡ್ಯಾನ್ಸ್ (ಲೋಹದ ತುಂಡು ಹಾಕಿದ ಬೂಟಿನಿಂದ ನೆಲಕ್ಕೆ ತಾಳ ಹಾಕುವ ಕುಣಿತ) ಎಂದರೆ ಕಾಲು ಮುರಿಯುವ ಮಾತು. ನಾನು ಕಾಫಿಗೂ ಹೋಗದೆ ಕೂತು ನೋಡಿದೆ. ಒರೆಸುವವರು ಉದ್ದ ಕೋಲಿನ ಮಾಪ್ ಹಿಡಿದು ಸಾಲಾಗಿ ಬಂದು ಹಿಂದಿನಿಂದ ಮುಂದಕ್ಕೆ ನೀರು ತಳ್ಳುತ್ತಿದ್ದರು. ಕೊನೆಗೆ ಇಡೀ ತಂಡ ಕೊಡೆ ಹಿಡಿದು ಮತ್ತೆ ಮಳೆಗೆ ಬರುತ್ತದೆ, ಆಗ ಒರೆಸುವ ಚಿಂತೆ ಇಲ್ಲ.

ನ್ಯೂಯಾರ್ಕಿನಲ್ಲಿ 1985ರಲ್ಲಿ ಟ್ವೈಲಾ ಥಾರ್ಪ್ ಮಾಡಿದ ಪ್ರಯೋಗಕ್ಕೆ ಅಷ್ಟು ಒಳ್ಳೆಯ ವಿಮರ್ಶೆ ಬರಲಿಲ್ಲ. 367 ಪ್ರದರ್ಶನಕ್ಕೆ ನಿಂತಿತು. ಪಲ್ಲಾಡಿಯಂನಲ್ಲಿ ಅದು ಎರಡು ವರ್ಷಕ್ಕೂ ಮೇಲೆ ಓಡಿತ್ತು. ಸಿನಿಮಾವನ್ನು ಹಾಗೇ ಎತ್ತಿ ರಂಗದ ಮೇಲಿಟ್ಟರೆ ಜನಕ್ಕೆ ಸಾಲುವುದಿಲ್ಲ ಅನ್ನಿಸುತ್ತದೆ.

ಹಳೇ ರೀಲು (ಹುಬ್ಬಳ್ಳಿ)

ನೇಪಥ್ಯ ಅವರೇ, ರಂಗಕ್ಕೇ ಜಾಸ್ತಿ ಒಪ್ಪುತ್ತದೆ ಅನ್ನುವ ನಿಮ್ಮ ಮಾತಿಗೆ ಬಲ ಕೊಡುವ ಒಂದು ಸಂಗತಿ ಇದೆ.

ಸಿನಿಮಾದಲ್ಲಿ ಕ್ಯಾಥಿ ಆದವರು ಡೆಬ್ಬಿ ರೆನಾಲ್ಡ್ಸ್. ಕ್ಯಾಥಿ ಲೀನಾಗಾಗಿ ಹಾಡುವ ‘ವುಡ್ ಯು’ ಹಾಡಿನಲ್ಲಿ ಕೇಳುವುದು ಡೆಬ್ಬಿಯ ದನಿ ಅಲ್ಲ, ಬೆಟ್ಟಿ ನಾಯ್ಸ್ ಎಂಬ ಗಾಯಕಿಯದು. ಅವರ ಹೆಸರು ಟೈಟಲ್ ಕಾರ್ಡಿನಲ್ಲಿ ಇಲ್ಲ. ಕ್ಯಾಥಿ ಲೀನಾಳ ಮಾತುಗಳನ್ನು ಡಬ್ ಮಾಡುವ ದೃಶ್ಯ ಇದೆಯಲ್ಲ, ಅಲ್ಲಿ ಬರುವ ಸೊಗಸಾದ ಮಾತಿನ ದನಿ ಲೀನಾ ಪಾತ್ರ ಮಾಡಿದ ಜೀನ್ ಹೇಗನ್ ಅವರದೇ! ಹೇಗನ್ ಅವರ ಸ್ವಂತ ಧ್ವನಿ ಅಷ್ಟು ಚೆನ್ನಾಗಿತ್ತು. ಕೀರಲು ದನಿ ಬರೀ ನಟನೆ. ಆ ನಟನೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಅಂದರೆ ಇನ್ನೊಬ್ಬರ ದನಿ ಕದಿಯುವುದು ತಪ್ಪು ಅಂತ ಹೇಳುವ ಸಿನಿಮಾವೇ ಒಬ್ಬ ಗಾಯಕಿಯನ್ನು ಪರದೆ ಹಿಂದೆ ನಿಲ್ಲಿಸಿ, ಪರದೆ ಎಳೆಯದೆ ಮುಗಿಸಿಬಿಟ್ಟಿತು. ರಂಗದಲ್ಲಿ ಆ ಮೋಸಕ್ಕೆ ದಾರಿಯೇ ಇಲ್ಲ.

ಪರದೆ ಹಿಂದೆ ನಿಂತು ಮಾತಾಡುವುದು ಕಟ್ಟುಕಥೆ ಅಲ್ಲ. 1929ರಲ್ಲಿ ಹಿಚ್‌ಕಾಕ್ ‘ಬ್ಲಾಕ್‌ಮೇಲ್’ ಮಾಡುವಾಗ ನಾಯಕಿ ಆನ್ನಿ ಒಂಡ್ರಾ. ಲಂಡನ್ನಿನ ಹುಡುಗಿಯ ಪಾತ್ರ, ಆದರೆ ಮಾತಿನಲ್ಲಿ ಮಧ್ಯ ಯುರೋಪಿನ ಧಾಟಿ. ಆಮೇಲೆ ಡಬ್ ಮಾಡುವ ಅನುಕೂಲ ಆಗ ಇರಲಿಲ್ಲ. ಜೋನ್ ಬ್ಯಾರಿ ಎಂಬ ಇಂಗ್ಲಿಷ್ ನಟಿ ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಪಕ್ಕದಲ್ಲಿ ಮೈಕ್ ಮುಂದೆ ನಿಂತು ಸಂಭಾಷಣೆ ಹೇಳಿದರು. ಒಂಡ್ರಾ ಆ ಹೊತ್ತಿಗೇ ತುಟಿ ಆಡಿಸಿದರು. ಶೂಟಿಂಗ್ ನಡೆಯುತ್ತಿರುವಾಗಲೇ.

ಲೀನಾ ವಿಷಯಕ್ಕೆ ಬಂದರೆ, ಟಾಕಿಗೆ ಬಲಿಯಾದವರು ಅಂತ ಎಲ್ಲರೂ ತೋರಿಸುವುದು ಹಾಲಿವುಡ್ ಮೂಕಿಯ ತಾರೆ ಜಾನ್ ಗಿಲ್ಬರ್ಟ್ ಅವರನ್ನು. ‘ಹಿಸ್ ಗ್ಲೋರಿಯಸ್ ನೈಟ್’ನಲ್ಲಿ ಅವರು ಮತ್ತೆ ಮತ್ತೆ ‘ಐ ಲವ್ ಯು’ ಅಂದಾಗ ಜನ ನಕ್ಕರು. ನಾಟಕದಲ್ಲಿ ಡಾನ್ ಅದನ್ನೇ ಮಾಡಿ ನಗೆಪಾಟಲಾಗುವುದು. ಗಿಲ್ಬರ್ಟ್ ಧ್ವನಿ ಕೆಟ್ಟದಾಗಿತ್ತು ಅನ್ನುವುದು ಹರಡಿದ ಮಾತು. ಅವರ ಆಮೇಲಿನ ಟಾಕಿಗಳನ್ನು ನೋಡಿದರೆ ಧ್ವನಿಯಲ್ಲಿ ಏನೂ ಕೊರತೆ ಕಾಣುವುದಿಲ್ಲ. ಮೂಕಿಯಲ್ಲಿ ಬರಹವಾಗಿದ್ದಾಗ ಚೆಂದ ಕಂಡ ಮಾತು, ಬಾಯಲ್ಲಿ ಬಂದಾಗ ಪೇಲವ ಆಯಿತು.

ಮಾತುಗಾರ್ತಿ (ಬೆಂಗಳೂರು)

ನಾನು ಡಬ್ಬಿಂಗ್ ಕಲಾವಿದೆ. ಕನ್ನಡ ಬಾರದ ನಾಯಕಿಯರಿಗೆ ದನಿ ಕೊಡುವುದೇ ನನ್ನ ಕೆಲಸ. ಹಾಗಾಗಿ ನೇಪಥ್ಯ ಸರ್, ನಿಮ್ಮ ಮಾತು ನನಗೆ ಒಪ್ಪಿಗೆ ಇಲ್ಲ.

ಲೀನಾಳ ಧ್ವನಿ ಕೆಟ್ಟದು ಅಂತ ಆ ನಾಟಕ ಅವಳಿಗೆ ಶಿಕ್ಷೆ ಕೊಡುವುದಿಲ್ಲ. ಕಾಂಟ್ರಾಕ್ಟ್ ದೃಶ್ಯ ನೆನಪು ಮಾಡಿಕೊಳ್ಳಿ. ಸ್ಟುಡಿಯೋ ಮಾಲೀಕ ಸಿಂಪ್ಸನ್ ಕ್ಯಾಥಿಗೆ ಹೆಸರು ಕೊಡುತ್ತೇನೆ ಅಂದಿರುತ್ತಾನೆ. ಲೀನಾ ಕಾಂಟ್ರಾಕ್ಟ್ ಹಿಡಿದು ಬಂದು ಅದನ್ನು ತಪ್ಪಿಸುತ್ತಾಳೆ. ಸಾಲದ್ದಕ್ಕೆ ಇನ್ನು ಮುಂದೆ ಕ್ಯಾಥಿ ತನಗಾಗಿ ಮಾತ್ರ ಹಾಡಬೇಕು, ಹೆಸರು ಬರಕೂಡದು, ತೆರೆಯ ಮೇಲೆ ಮುಖವೂ ಕಾಣಕೂಡದು ಅಂತ ಹಠ ಹಿಡಿಯುತ್ತಾಳೆ. ಆ ಜಾಗಕ್ಕೆ ಬಂದಾಗ ನನಗೆ ಮೈ ಉರಿಯುತ್ತದೆ.

ಡಬ್ಬಿಂಗ್ ಕೋಣೆಯಲ್ಲಿ ಏನಾಗುತ್ತದೆ ಗೊತ್ತಾ? ಹೆಡ್‌ಫೋನ್ ಹಾಕಿಕೊಂಡು ಅದೇ ತುಣುಕನ್ನು ಮತ್ತೆ ಮತ್ತೆ ನೋಡುತ್ತೇವೆ. ತುಟಿ ಮಾತ್ರ ನೋಡಿದರೆ ಸಾಲದು. ಆಕೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಗಂಟಲು ಎಲ್ಲಿ ಅಲುಗುತ್ತದೆ, ಅಳು ಬರುವ ಮೊದಲು ಗಲ್ಲ ಹೇಗೆ ನಡುಗುತ್ತದೆ, ಎಲ್ಲ ನೋಡಬೇಕು. ಮ ಬ ಪ ಬಂದ ಕಡೆ ಅವಳ ತುಟಿ ಮುಚ್ಚಿರದಿದ್ದರೆ ಸಾಲನ್ನೇ ಬದಲಿಸಬೇಕು. ಅತ್ತು ಅತ್ತು ಗಂಟಲು ಕಟ್ಟುತ್ತದೆ. ಸಿನಿಮಾ ಬಂದಾಗ ‘ನಾಯಕಿ ಅದ್ಭುತವಾಗಿ ಅತ್ತಿದ್ದಾರೆ’ ಅಂತ ವಿಮರ್ಶೆ ಬರುತ್ತದೆ. ಒಂದು ಸಿನಿಮಾದಲ್ಲಿ ಇಡೀ ಪಾತ್ರಕ್ಕೆ ದನಿ ಕೊಟ್ಟಿದ್ದೆ, ಟೈಟಲ್ ಕಾರ್ಡಿನಲ್ಲಿ ಹೆಸರೇ ಇರಲಿಲ್ಲ. ಕೇಳಿದ್ದಕ್ಕೆ ಜಾಗ ಸಾಲಲಿಲ್ಲ ಅಂದರು.

ಪರದೆ ಎಳೆಯಲೇಬೇಕು ಸರ್. ಎಳೆಯದಿದ್ದರೆ ಕ್ಯಾಥಿ ಜೀವನಪೂರ್ತಿ ಅಲ್ಲೇ ನಿಂತಿರುತ್ತಾಳೆ.

ನೇಪಥ್ಯ (ಮೈಸೂರು)

ಮಾತುಗಾರ್ತಿ ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಕ್ಯಾಥಿಗೆ ಹೆಸರು ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಪರದೆ ಎಳೆಯುವವರ ಬಗ್ಗೆ. ಹಗ್ಗ ಹಿಡಿದು ಎಳೆಯುವವರು ಡಾನ್, ಅವನ ಗೆಳೆಯ ಕಾಸ್ಮೊ, ಜೊತೆಗೆ ಸಿಂಪ್ಸನ್. ಡಬ್ಬಿಂಗ್ ಉಪಾಯ ಹೊಳೆದಿದ್ದು ಕಾಸ್ಮೊಗೆ. ಗುಟ್ಟಾಗಿ ಮಾಡಿಸಿದ್ದು ಸಿಂಪ್ಸನ್. ಲೀನಾ ಬಾಯಿ ತೆರೆಯದಂತೆ ವರ್ಷಗಟ್ಟಲೆ ನೋಡಿಕೊಂಡಿದ್ದು ಅದೇ ಸ್ಟುಡಿಯೋ. ಅಷ್ಟೂ ಜನ ಸೇರಿ ಮಾಡಿದ್ದಕ್ಕೆ ರಂಗದ ಮಧ್ಯೆ ನಿಂತು ನಗು ತಿನ್ನುವವಳು ಒಬ್ಬಳೇ.

ರಂಗರೂಪ ಬರೆದಾಗ ಇದು ಅವರಿಗೂ ತಟ್ಟಿರಬೇಕು. ಸಿನಿಮಾದಲ್ಲಿ ಇಲ್ಲದ ಒಂದು ಹಾಡನ್ನು ಲೀನಾಗೆ ಕೊಟ್ಟರು, ‘ವಾಟ್ಸ್ ರಾಂಗ್ ವಿತ್ ಮಿ’. ತನ್ನಲ್ಲಿ ಏನು ಕೊರತೆ ಅಂತ ಅವಳು ಅದೇ ಕೀರಲು ದನಿಯಲ್ಲಿ ಹಾಡುತ್ತಾಳೆ. ನಗು ಬರುತ್ತದೆ, ಆದರೆ ಹಾಡು ಮುಗಿಯುವ ಹೊತ್ತಿಗೆ ಅವಳನ್ನು ಬರೀ ಕೆಟ್ಟವಳು ಅನ್ನಲು ಆಗುವುದಿಲ್ಲ.

ಕ್ರಾಯ್ಡನ್ ಕನ್ನಡತಿ

ನಿಜ. ಪ್ಯಾಲೇಸ್‌ನಲ್ಲಿ ಕ್ಯಾಥರೀನ್ ಕಿಂಗ್ಸ್‌ಲಿ ಲೀನಾ ಆಗಿದ್ದರು. ಆ ಹಾಡಿಗೆ ಬಿದ್ದ ಚಪ್ಪಾಳೆ ಕೇಳಬೇಕಿತ್ತು. ಸುಶ್ರಾವ್ಯವಾಗಿ ಹಾಡಬಲ್ಲವರು ಬೇಕೆಂದೇ ಬೇಸುರಾಗಿ, ಆದರೆ ತಾಳ ತಪ್ಪದೆ, ಮಾತು ಸ್ಪಷ್ಟವಾಗಿ ಹಾಡುವುದು ಎಷ್ಟು ಕಷ್ಟ ಅಂತ ಹಾಡುವವರಿಗೆ ಗೊತ್ತು.

ಹಾರ್ಮೋನಿಯಂ ಮೇಷ್ಟ್ರು (ಗದಗ)

ಎಲ್ಲರೂ ನಟ ನಟಿಯರ ಬಗ್ಗೆಯೇ ಮಾತಾಡುತ್ತಿದ್ದೀರಿ. ಟಾಕಿ ಬಂದಾಗ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿಂದವರು ವಾದ್ಯದವರು. ಅಮೆರಿಕದ ದೊಡ್ಡ ಥಿಯೇಟರುಗಳಲ್ಲಿ ಮೂಕಿ ಚಿತ್ರಕ್ಕೆ ಪೂರ್ತಿ ಆರ್ಕೆಸ್ಟ್ರಾ ಇರುತ್ತಿತ್ತು, ಚಿಕ್ಕ ಊರುಗಳಲ್ಲಿ ಒಂದು ಪಿಯಾನೊ ಅಥವಾ ಆರ್ಗನ್. ಡಿಸ್ಕ್ ಬಂದ ಮೇಲೆ ಸಾವಿರಾರು ಜನ ಒಂದೆರಡು ವರ್ಷದೊಳಗೆ ಕೆಲಸ ಕಳೆದುಕೊಂಡರು. ಅವರ ಒಕ್ಕೂಟ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಜಾಹೀರಾತು ಹಾಕಿಸಿ, ಡಬ್ಬಿ ಸಂಗೀತ (ರೆಕಾರ್ಡ್ ಮಾಡಿದ್ದು) ಬೇಡ, ಎದುರಿಗೆ ನುಡಿಸುವ ಸಂಗೀತ ಬೇಕು ಅಂತ ಜನರನ್ನು ಬೇಡಿಕೊಂಡಿತು. ಯಾರೂ ಕಿವಿಗೊಡಲಿಲ್ಲ.

ನಮ್ಮಲ್ಲೂ ಮೂಕಿ ಚಿತ್ರಕ್ಕೆ ಪರದೆ ಪಕ್ಕ ಹಾರ್ಮೋನಿಯಂ, ತಬಲಾ ಇರುತ್ತಿದ್ದವು. ಅವರ ಕಥೆಯನ್ನು ಯಾರೂ ಬರೆದಿಡಲಿಲ್ಲ.

ಅದಕ್ಕೇ ಈ ನಾಟಕವನ್ನು ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಆಡಬಾರದು ಅಂತ ನನ್ನ ಬಿನ್ನಹ. ಈ ಒಂದು ಕಥೆಗಾದರೂ ವಾದ್ಯದವರು ರಂಗದ ಮುಂದೆ ಕೂತಿರಲಿ.

ಧ್ವನಿಪೆಟ್ಟಿಗೆ (ಬೆಂಗಳೂರು)

ಮೇಷ್ಟ್ರೇ, ನಿಮ್ಮ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ.

ಪರದೆ66 (ಶಿವಮೊಗ್ಗ)

ಮೇಷ್ಟ್ರು ನಮ್ಮ ಕಡೆಯ ವಿಷಯ ಎತ್ತಿದ್ದರಿಂದ ಒಂದು ಮಾತು. ಭಾರತದ ಮೊದಲ ಟಾಕಿ, 1931ರ ‘ಆಲಂ ಆರಾ’ದಲ್ಲಿ ನಾಯಕ ಮಾಸ್ಟರ್ ವಿಠ್ಠಲ್. ಮೂಕಿಯ ದೊಡ್ಡ ತಾರೆ, ಆದರೆ ಉರ್ದು ಸಂಭಾಷಣೆ ಹೇಳುವುದು ಕಷ್ಟ. ಪಾತ್ರ ಹೆಚ್ಚಿನ ಹೊತ್ತು ಮೈಮರೆತ ಸ್ಥಿತಿಯಲ್ಲಿ ಇರುವ ಹಾಗೆ ಮಾಡಿ ಮಾತು ಕಡಿಮೆ ಮಾಡಿದರು. ಸ್ಟುಡಿಯೋ ಪಕ್ಕ ರೈಲು ಹಳಿ, ಅದಕ್ಕೇ ರಾತ್ರಿ ರೈಲು ನಿಂತ ಮೇಲೆ ಶೂಟಿಂಗ್.

ಕನ್ನಡದಲ್ಲಿ ಕಥೆ ಬೇರೆ. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ, ಎಲ್ಲ ಕಂಪನಿ ನಾಟಕದಿಂದ ಬಂದವರು. ಮೈಕ್ ಇಲ್ಲದೆ ಕೊನೆಯ ಸಾಲಿಗೆ ಕೇಳುವ ಹಾಗೆ ಹಾಡಿದವರು. ಅವರಲ್ಲಿ ಲೀನಾ ಇರಲು ಸಾಧ್ಯವೇ ಇರಲಿಲ್ಲ. ಹಾಲಿವುಡ್ ಕೂಡ ಆಗ ಮಾಡಿದ್ದು ಅದೇ ಅಲ್ವಾ, ಮಾತು ಬಲ್ಲವರನ್ನು ಹುಡುಕಿಕೊಂಡು ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಗೆ ಹೋದರು.

ಆಮೇಲೆ ಹಿನ್ನೆಲೆ ಗಾಯನ ಬಂತು. ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ರೇಡಿಯೊದಲ್ಲಿ ಹೆಸರು ಹೇಳುತ್ತಿದ್ದರು, ಪೋಸ್ಟರಿನಲ್ಲಿ ಹಾಕುತ್ತಿದ್ದರು. ಯಾರಿಗೂ ಮೋಸ ಅನ್ನಿಸಲಿಲ್ಲ. ಇಬ್ಬರ ಮೇಲೂ ಪ್ರೀತಿ ಇತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ನಿಂದ ರಾಜ್‌ಕುಮಾರ್ ತಾವೇ ಹಾಡತೊಡಗಿದ ಮೇಲೂ ಪಿ.ಬಿ. ಅವರ ಹಾಡುಗಳ ಮರ್ಯಾದೆ ಕಮ್ಮಿಯಾಗಲಿಲ್ಲ. ಹೆಸರು ಮೊದಲೇ ಹೇಳಿದ್ದರೆ ಪರದೆ ಎಳೆಯುವ ಪ್ರಸಂಗವೇ ಬರುವುದಿಲ್ಲ.

ಮಾತುಗಾರ್ತಿ (ಬೆಂಗಳೂರು)

ಪರದೆ66 ಅಣ್ಣ, ಅದು ಹಾಡಿನವರಿಗೆ ಸಿಕ್ಕ ಭಾಗ್ಯ. ಮಾತಿನವರಿಗೆ ಇನ್ನೂ ಸಿಕ್ಕಿಲ್ಲ. ನಾಯಕಿಗೆ ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಅದೇ ನಾಯಕಿಗೆ ಎರಡೂವರೆ ಗಂಟೆ ಮಾತಾಡಿದವರ ಹೆಸರು ಹೇಳಿ ನೋಡೋಣ.

ಎಡಿಸನ್ ಅಮ್ಮ (ನ್ಯೂಜೆರ್ಸಿ)

ನನ್ನ ಮಗಳ ಶಾಲೆಯಲ್ಲಿ ಈ ನಾಟಕದ ಮಕ್ಕಳ ಆವೃತ್ತಿ ಆಡಿದರು. ನೀರಿಲ್ಲ. ನೀಲಿ ಬೆಳಕು, ಕೊಡೆಗಳು, ಮಳೆ ಸದ್ದು ಅಷ್ಟೇ. ಮಗಳು ಪರದೆ ಎಳೆಯುವ ಕೆಲಸದಲ್ಲಿದ್ದಳು. ಲೀನಾ ಪಾತ್ರದ ಹುಡುಗಿಯ ಕಾಲರ್ ಮೈಕ್ ಬಂದ್ ಮಾಡುವುದು, ಪರದೆ ಹಿಂದಿನ ಮೈಕ್ ಆನ್ ಮಾಡುವುದು ಮತ್ತು ಬೆಳಕು ಮೂರೂ ಕೂಡಿಬರಬೇಕು ಅಂತ ಅದೊಂದೇ ದೃಶ್ಯವನ್ನು ಸಂಜೆಗಟ್ಟಲೆ ಅಭ್ಯಾಸ ಮಾಡಿಸಿದರು. ಆಟ ಮುಗಿದ ಮೇಲೆ ಅವರ ಮೇಷ್ಟ್ರು ಒಂದು ಒಳ್ಳೆಯ ಕೆಲಸ ಮಾಡಿದರು. ನಮಸ್ಕಾರಕ್ಕೆ ಕ್ಯಾಥಿ, ಲೀನಾ ಇಬ್ಬರನ್ನೂ ಕೈ ಕೈ ಹಿಡಿಸಿ ಒಟ್ಟಿಗೆ ಕರೆದರು. ಹಿಂದೆಯೇ ಸೌಂಡ್, ಲೈಟ್, ಪರದೆ ಮಕ್ಕಳೂ ಬಂದರು.

ನೇಪಥ್ಯ (ಮೈಸೂರು)

ಅಮ್ಮಾವ್ರೇ, ಇದು ಬಹಳ ಇಷ್ಟವಾಯಿತು. ಮಾತುಗಾರ್ತಿ ಮೇಡಂ ಕೇಳಿದ್ದಕ್ಕೂ ನನ್ನ ತಕರಾರಿಗೂ ಇದರಲ್ಲಿ ಜಾಗ ಇದೆ.

ನಮ್ಮ ಹವ್ಯಾಸಿ ತಂಡಕ್ಕೆ ಇಡೀ ಮ್ಯೂಸಿಕಲ್ ಎತ್ತಿಕೊಳ್ಳುವ ಶಕ್ತಿ ಇಲ್ಲ. ಹಕ್ಕು ಪಡೆಯಬೇಕು, ಟ್ಯಾಪ್ ಡ್ಯಾನ್ಸ್ ಕಲಿಸುವವರು ಬೇಕು. ಆದರೆ ಟಾಕಿ ಬಂದ ಕಾಲದ ಬಗ್ಗೆ ನಮ್ಮದೇ ಒಂದು ಚಿಕ್ಕ ಕನ್ನಡ ನಾಟಕ ಬರೆಯಬಹುದು. ಪರದೆ ಪಕ್ಕ ಕೂತ ಹಾರ್ಮೋನಿಯಂನವನಿಂದ ಶುರುಮಾಡಿ, ರಾತ್ರಿ ರೈಲು ನಿಲ್ಲುವುದನ್ನು ಕಾಯುವ ಸೆಟ್‌ಗೆ ಹೋಗಿ, ಇವತ್ತಿನ ಡಬ್ಬಿಂಗ್ ಕೋಣೆವರೆಗೆ ಬರಬಹುದು. ಮಾತುಗಾರ್ತಿ ಮೇಡಂ, ಕೋಣೆಯ ದೃಶ್ಯಕ್ಕೆ ನೀವು ಕೂತು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ಹಾರ್ಮೋನಿಯಂ ಮೇಷ್ಟ್ರೇ, ನೀವು ಮೈಸೂರಿಗೆ ಬಂದು ನುಡಿಸುತ್ತೀರಾ?

ಹಾರ್ಮೋನಿಯಂ ಮೇಷ್ಟ್ರು (ಗದಗ)

ಬರ್ತೀನಿ. ಪೆಟ್ಟಿಗೆ ನಂದೇ ತರ್ತೀನಿ. ತಬಲಾದವರನ್ನು ಅಲ್ಲೇ ನೋಡಿಡಿ.

ಮಾತುಗಾರ್ತಿ (ಬೆಂಗಳೂರು)

ನಾನೂ ಸಿದ್ಧ ಸರ್. ಕರಪತ್ರದಲ್ಲಿ ಎಲ್ಲರ ಹೆಸರೂ ಬರಬೇಕು, ಪರದೆ ಎಳೆಯುವವರದೂ ಸೇರಿ.